ಸವಳು, ಸೀಗೆ, ಸೋಡಾ: ನಮ್ಮ ಸೀಮೆ ಕೊಳೆ ತೊಳೆದ ಕಥೆ

ಈಗ ನಾವು ‘ಕೊಳೆ’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದಕ್ಕೆ ನಮ್ಮ ತಾಯಂದಿರ ಬಾಯಲ್ಲಿ ಹತ್ತಾರು ಹೆಸರುಗಳಿದ್ದವು. ಬಟ್ಟೆಗೆ ಹತ್ತಿದ್ದು ಕಲೆ, ಬಾಳೆಯ ದಿಂಡಿನಿಂದ ಸೋರಿ ಹತ್ತಿದ್ದು ಕರೆ, ಎಣ್ಣೆಯದು ಜಿಡ್ಡು, ಉಂಡ ತಟ್ಟೆಯದು ಮುಸುರೆ, ತಾಮ್ರ ಹಿತ್ತಾಳೆಗಳದು ಕಿಲುಬು, ಕಬ್ಬಿಣದ್ದು ತುಕ್ಕು, ಪಾತ್ರೆಯ ತಳದ್ದು ಮಸಿ, ಅಡುಗೆಮನೆಯ ಜಂತಿಗೆ ಜೋತುಬಿದ್ದದ್ದು ಇಲ್ಲಣ. ಇದು ಬರಿಯ ಶಬ್ದಸಂಪತ್ತಲ್ಲ. ಒಂದೊಂದು ಹೆಸರಿಗೂ ಒಂದೊಂದು ಮದ್ದಿತ್ತು. ಕಿಲುಬಿಗೆ ಹುಣಸೆ, ಜಿಡ್ಡಿಗೆ ಬೂದಿ, ರೇಷ್ಮೆಯ ಕೊಳೆಗೆ ಅಂಟವಾಳ. ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚಿದರೆ ಕೆಲಸ ಕೆಡುತ್ತದೆ ಎಂಬುದು ಅಕ್ಷರ ಕಲಿಯದವರಿಗೂ ತಿಳಿದಿತ್ತು. ಆಮ್ಲ, ಪ್ರತ್ಯಾಮ್ಲ, ಕ್ಷಾರ ಎಂದು ನಾನು ಮೂರು ದಶಕಗಳ ಕಾಲ ಹಲಗೆಯ ಮೇಲೆ ಬರೆದದ್ದು ಬಹುಮಟ್ಟಿಗೆ ಇದನ್ನೇ.

ನಮ್ಮ ಕೊಪ್ಪಳ ಸೀಮೆಯ ಮನೆಗಳು ಸಾಬೂನು ಬರುವುದಕ್ಕೆ ಮೊದಲು ಹೇಗೆ ಶುಚಿಯಾಗುತ್ತಿದ್ದವು, ಆ ಶುಚಿಯ ಭಾರ ಯಾರ ಬೆನ್ನ ಮೇಲಿತ್ತು, ಸಾಬೂನಿನ ಪುಡಿ ಇಲ್ಲಿ ಅಷ್ಟು ಬೇಗ ಗೆದ್ದದ್ದು ಏಕೆ ಎಂಬುದನ್ನು ಬರೆದಿಡಬೇಕೆಂಬ ಆಸೆ ಬಹುದಿನದ್ದು. ಚರಿತ್ರೆಯ ಪುಸ್ತಕಗಳಲ್ಲಿ ಕೋಟೆ ಕೊತ್ತಲಗಳಿವೆ, ಅಶೋಕನ ಗವಿಮಠದ ಶಾಸನವಿದೆ, ಆನೆಗೊಂದಿಯ ಅರಸರಿದ್ದಾರೆ. ಅರಸರ ಅರಿವೆ ಒಗೆದವರು ಯಾರು, ಯಾವುದರಿಂದ ಒಗೆದರು ಎಂಬುದು ಮಾತ್ರ ಇಲ್ಲ.

ಮೊದಲು ಮಣ್ಣು ನೀರುಗಳ ವಿಷಯ ಹೇಳಬೇಕು. ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದಾಗ ನಮಗಿದ್ದದ್ದು ನಾಲ್ಕು ತಾಲ್ಲೂಕು; ಈಗ ಕುಕನೂರು, ಕನಕಗಿರಿ, ಕಾರಟಗಿಗಳೂ ಸೇರಿವೆ. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಆ ದಂಡೆಯ ಕೊಪ್ಪಳ, ಗಂಗಾವತಿಯ ಊರುಗಳಿಗೆ ಹೊಳೆಯ ಮೆದು ನೀರು. ಉತ್ತರಕ್ಕೆ ಸರಿದು ಯಲಬುರ್ಗಾ, ಕುಷ್ಟಗಿಗೆ ಹೋದರೆ ಹಳ್ಳ, ಕೆರೆ, ಬಾವಿ, ಮುಂದೆ ಕೊಳವೆಬಾವಿ. ಆ ನೀರು ಅನೇಕ ಊರುಗಳಲ್ಲಿ ಗಡಸು. ‘ಬ್ಯಾಳಿ ಬೇಯದ ನೀರು’ ಎಂದು ಹೆಂಗಸರು ಅದನ್ನು ಗುರುತಿಸುತ್ತಿದ್ದರು, ಅದು ಸರಿಯಾದ ಪರೀಕ್ಷೆಯೇ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಹೆಚ್ಚಾದರೆ ತೊಗರಿಬೇಳೆ ಬೇಗ ಬೇಯುವುದಿಲ್ಲ. ಅದೇ ಲವಣಗಳು ಸಾಬೂನನ್ನೂ ನೊರೆಯಾಗಲು ಬಿಡದೆ ಬಿಳಿಯ ಮೊಸರಿನಂತಹ ಗಷ್ಟನ್ನಾಗಿ ಮಾಡಿ ಬಟ್ಟೆಗೆ ಮೆತ್ತಿಸುತ್ತವೆ. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕಡೆಯ ಇನ್ನೊಂದು ಶತ್ರು ಎರೆಮಣ್ಣು. ಬಹಳ ಸಣ್ಣ ಕಣದ ಜೇಡಿ ಅದು. ಹಸಿಯಿದ್ದಾಗ ತಿಕ್ಕಿದರೆ ನೂಲಿನೊಳಗೆ ಇಳಿದು ಕೂರುತ್ತದೆ. ಮಳೆಗಾಲದಲ್ಲಿ ಹೊಲದಿಂದ ಬಂದ ಧೋತರವನ್ನು ನಮ್ಮ ಅವ್ವ ನೀರಿಗೆ ಹಾಕಲು ಬಿಡುತ್ತಿರಲಿಲ್ಲ. “ಹಸಿ ರಾಡಿ ಮುಟ್ಟಬ್ಯಾಡ, ಒಣಗಲಿ ಬಿಡು” ಎನ್ನುತ್ತಿದ್ದಳು. ಒಣಗಿದ ಮೇಲೆ ಕೊಡವಿ, ಬೆರಳಿನಿಂದ ಉದುರಿಸಿ, ಆಮೇಲೆ ತಣ್ಣೀರು. ಇಂದಿಗೂ ಇದಕ್ಕಿಂತ ಉತ್ತಮ ಉಪಾಯವಿಲ್ಲ.

ಬಟ್ಟೆಗೆ ಮುಖ್ಯ ವಸ್ತುವೆಂದರೆ ಸವಳು. ಬೇಸಿಗೆ ಬಂತೆಂದರೆ ಹಳ್ಳದ ದಂಡೆಯಲ್ಲಿ, ತಗ್ಗಿನ ಹೊಲಗಳಲ್ಲಿ ನೆಲದ ಮೇಲೆ ಬೂದುಬಿಳುಪಿನ ಹೊಪ್ಪಳಿಕೆ ಏಳುತ್ತದೆ. ನೆಲದೊಳಗಿನ ನೀರು ಆವಿಯಾಗಿ ಮೇಲೇರುವಾಗ ತನ್ನೊಡನೆ ತಂದ ಲವಣವನ್ನು ಮೇಲೆಯೇ ಬಿಟ್ಟುಹೋಗುತ್ತದೆ. ಇದು ಎಲ್ಲ ಕಡೆಯೂ ಒಂದೇ ಬಗೆಯದಲ್ಲ. ಕೆಲವೆಡೆ ಬರಿಯ ಉಪ್ಪಿನಂಶ; ಅದರಿಂದ ಬಟ್ಟೆ ಬೆಳ್ಳಗಾಗುವುದಿಲ್ಲ. ಕೆಲವೆಡೆ ಸೋಡಿಯಂ ಕಾರ್ಬೊನೇಟು. ನೀರಿನಲ್ಲಿ ಕಲಸಿದರೆ ಬೆರಳಿಗೆ ಜಾರುಜಾರಾಗಿ ಹತ್ತುವುದು ಇದೇ, ಒಗೆಯಲು ಬೇಕಾದದ್ದೂ ಇದೇ. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲೆಲ್ಲ ಸಂಚರಿಸಿ ಬೆಳೆ, ಕಸುಬುಗಳನ್ನು ದಾಖಲಿಸಿದ ಫ್ರಾನ್ಸಿಸ್ ಬುಕಾನನ್ ಈ ಸವಳು ಮಣ್ಣನ್ನು ಅದರ ಕನ್ನಡ ಹೆಸರಿನಿಂದಲೇ ಬರೆದುಕೊಂಡಿದ್ದಾನೆ. ಉತ್ತರ ಭಾರತದಲ್ಲಿ ಇದರದೇ ಜಾತಿಯ ಮಣ್ಣಿಗೆ ‘ರೇಹ್’ ಎನ್ನುತ್ತಾರೆ. ಅಲ್ಲಿನ ಧೋಬಿಗಳೂ ಅದನ್ನು ಕೆರೆದು ತಂದೇ ಒಗೆದರು.

ಸವಳು ಮಾಡುವ ಕೆಲಸ ಎರಡು. ಒಂದು, ಬೆವರು ಎಣ್ಣೆಗಳ ಜಿಡ್ಡಿನೊಡನೆ ಸೇರಿ ಅದರ ಒಂದಂಶವನ್ನು ಅಲ್ಲೇ ಸಾಬೂನಾಗಿಸುತ್ತದೆ. ಎರಡು, ಗಡಸು ನೀರಿನ ಕ್ಯಾಲ್ಸಿಯಮ್ಮನ್ನು ಸುಣ್ಣದ ಪುಡಿಯಂತೆ ತಳಕ್ಕೆ ಇಳಿಸಿ ನೀರನ್ನು ಮೆದುವಾಗಿಸುತ್ತದೆ. ಕಟ್ಟಿಗೆಯ ಬೂದಿಯ ತಿಳಿಯೂ ಇಂಥದೇ. ಅದರಲ್ಲಿರುವುದು ಪೊಟ್ಯಾಸಿಯಂ ಕಾರ್ಬೊನೇಟು.

ಅಗಸರು ಬಟ್ಟೆಗಳನ್ನು ಉಬ್ಬೆಗೆ ಹಾಕುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿರುತ್ತಾರೆ. ಬಟ್ಟೆಗಳನ್ನು ಸವಳು ನೀರಿನಲ್ಲಿ ಅದ್ದಿ, ಹಿಂಡಿ, ದೊಡ್ಡ ಬಾನಿಯ ಬಾಯಿಯ ಮೇಲೆ ಸುತ್ತಲೂ ಗೋಪುರದಂತೆ ಒಟ್ಟುವುದು. ಬಾನಿಯಲ್ಲಿ ನೀರು, ಕೆಳಗೆ ಒಲೆ. ರಾತ್ರಿಯೆಲ್ಲ ಹಬೆ ಬಟ್ಟೆಗಳೊಳಗಿಂದ ಹಾಯ್ದುಹೋಗುತ್ತದೆ. ಹೆಚ್ಚು ಕೊಳೆಯಾದವು ಕೆಳಗೆ, ಕಡಿಮೆಯವು ಮೇಲೆ. ಬೆಳಗಿನಲ್ಲಿ ಕತ್ತೆಯ ಮೇಲೆ ಹೇರಿಕೊಂಡು ಹಳ್ಳಕ್ಕೆ ಹೋಗಿ, ಬಂಡೆಗೆ ಬಡಿದು, ಜಾಲಿಸಿ, ಮರಳಿನ ಮೇಲೆ ಹರವುವುದು. ಒಣಗುತ್ತ ಬಂದಂತೆ ಮತ್ತೆ ನೀರು ಚಿಮುಕಿಸುತ್ತಿದ್ದರು. ಒದ್ದೆ ಬಟ್ಟೆಯ ಮೇಲೆ ಬಿಸಿಲು ಬಿದ್ದಾಗ ಬಣ್ಣದ ಕಲೆಗಳು ನಿಧಾನವಾಗಿ ಕಳೆದುಹೋಗುತ್ತವೆ. ರಾಸಾಯನಿಕ ಬಿಳುಪುಕಾರಿಗಳು ಹುಟ್ಟುವ ಮುನ್ನ ಯುರೋಪಿನಲ್ಲೂ ಬಟ್ಟೆಯನ್ನು ಹುಲ್ಲುಗಾವಲಿನಲ್ಲಿ ಹರವಿಯೇ ಬಿಳುಪು ಮಾಡುತ್ತಿದ್ದರು.

ಇಡೀ ಊರಿನ ಬಟ್ಟೆ ಒಂದೇ ಉಬ್ಬೆಯಲ್ಲಿ ಬೆಂದರೂ ಯಾರ ಅಂಗಿಯೂ ಯಾರ ಮನೆಗೂ ತಪ್ಪಿ ಹೋಗುತ್ತಿರಲಿಲ್ಲ. ಮೂಲೆಯಲ್ಲಿ ಒಂದು ಚಿಕ್ಕ ಕಪ್ಪು ಗುರುತು, ಎರಡು ಚುಕ್ಕೆ ಒಂದು ಗೀರು ಎಂಬಂತೆ. ಕೇರುಬೀಜದ ರಸದಿಂದ ಹಾಕಿದ ಆ ಗುರುತು ಸವಳಿಗೂ ಹೋಗದು, ಹಬೆಗೂ ಹೋಗದು. ಕಲೆ ತೆಗೆಯುವವರ ಕೈಯಲ್ಲಿಯೇ ಎಂದಿಗೂ ಹೋಗದ ಕಲೆಯ ವಿದ್ಯೆಯೂ ಇದ್ದದ್ದು ನನಗೆ ಈಗಲೂ ಸೋಜಿಗ.

ಈ ಕೆಲಸಕ್ಕೆ ಅವರಿಗೆ ಕೂಲಿ ಎಂಬುದು ಇರಲಿಲ್ಲ, ಆಯ ಇತ್ತು. ವಿಜಯನಗರದ ಕಾಲದಿಂದ ಬಂದ ಹನ್ನೆರಡು ಆಯಗಾರರ ಏರ್ಪಾಟಿನಲ್ಲಿ ಅಗಸರೂ ಒಬ್ಬರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಇಷ್ಟು ಜೋಳವೆಂದು ಪಡೆಯುವುದು, ಹಬ್ಬ ಹುಣ್ಣಿಮೆಗೆ ಊಟ. ಮಳೆ ಹೋದ ವರ್ಷ ಆಯವೂ ಹೋಯಿತು; ಒಗೆತ ಮಾತ್ರ ನಿಲ್ಲಲಿಲ್ಲ. ಇನ್ನು ಯಾವ ಬಟ್ಟೆ ಅವರ ಪಾಲಿಗೆ ಕಡ್ಡಾಯವಾಗಿತ್ತೆಂದು ನೋಡಿದರೆ ಈ ಪದ್ಧತಿಯ ನಿಜರೂಪ ತಿಳಿಯುತ್ತದೆ. ಬಾಣಂತಿಯ ಬಟ್ಟೆ, ಮುಟ್ಟಿನ ಬಟ್ಟೆ, ಸತ್ತವರ ಮನೆಯ ಹಾಸಿಗೆ. ಮನೆಯವರು ಮುಟ್ಟಲು ಹೇಸುವುದೆಲ್ಲ ಅಗಸಗಿತ್ತಿಯ ಗಂಟಿಗೆ ಸೇರುತ್ತಿತ್ತು. ‘ಮಡಿ’ ಎಂದರೆ ಒಗೆದು ಶುದ್ಧವಾದ ಬಟ್ಟೆ, ‘ಮಡಿವಾಳ’ ಎಂಬ ಹೆಸರು ಹುಟ್ಟಿದ್ದು ಆ ಮಾತಿನಿಂದಲೇ. ಆದರೂ ಆಚಾರದ ಮನೆಗಳಲ್ಲಿ ಅವರು ಒಗೆದು ತಂದದ್ದು ಮಡಿಯಲ್ಲವೆಂದು ಮತ್ತೊಮ್ಮೆ ನೀರಿಗೆ ಅದ್ದಿ ಹಿಂಡುತ್ತಿದ್ದರು. ಕೊಳೆ ಹೋಗಿತ್ತು, ಮೈಲಿಗೆ ಹೋಗಿರಲಿಲ್ಲ! ಹನ್ನೆರಡನೆಯ ಶತಮಾನದಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನಂತಹ ಶರಣ ಇದೇ ಕಸುಬನ್ನು ಕಾಯಕವೆಂದು ಎತ್ತಿ ಹಿಡಿದ ನೆಲ ನಮ್ಮದು. ಶರಣರ ಬಟ್ಟೆಯನ್ನಲ್ಲದೆ ಬೇರೆಯವರ ಬಟ್ಟೆಯನ್ನು ಮುಟ್ಟುವುದಿಲ್ಲವೆಂದು ಅವನು ಬಿಜ್ಜಳನ ಆಸ್ಥಾನಕ್ಕೇ ಎದುರಾದನೆಂದು ಪುರಾಣಗಳು ಹೇಳುತ್ತವೆ. ಎಂಟು ನೂರು ವರ್ಷಗಳ ನಂತರವೂ ನಮ್ಮ ಊರುಗಳಲ್ಲಿ ಅವನ ಕುಲದ ಹೆಣ್ಣುಮಗಳೊಬ್ಬಳು ಹಿತ್ತಿಲ ಬಾಗಿಲಿನಲ್ಲಿ ನಿಂತು ಗಂಟು ಎತ್ತಿಕೊಳ್ಳಬೇಕಾಗಿತ್ತು. ಹಿಂದಿನದೆಲ್ಲ ಚೆನ್ನಾಗಿತ್ತು ಎಂದು ಬರೆಯಲು ನನಗೆ ಮನಸ್ಸಾಗದಿರುವುದು ಇದಕ್ಕಾಗಿ.

ಅಡುಗೆಮನೆಯ ವಿಷಯ ಬೇಗ ಮುಗಿಯುವಂಥದು. ತಾಮ್ರದ ಹಂಡೆ, ಹಿತ್ತಾಳೆಯ ಕೊಡಕ್ಕೆ ಹುಣಸೆಯ ಗಷ್ಟು, ಚಿಟಿಕೆ ಉಪ್ಪು. ಹುಣಸೆಯ ಟಾರ್ಟಾರಿಕ್ ಆಮ್ಲ ಕಿಲುಬನ್ನು ಕರಗಿಸುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಇದೇ ಆಮ್ಲ ತಾಮ್ರವನ್ನು ಸಾರಿಗೇ ಇಳಿಸುವುದರಿಂದ ಒಳಗೆ ಕಲಾಯಿ ಬೇಕು. ಕಲಾಯಿಯವನು ಬೀದಿಯ ಮೂಲೆಯಲ್ಲಿ ತಿದಿ ಹೂಡಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರವನ್ನು ಅರಳೆಯಿಂದ ಸವರಿದಾಗ ಏಳುವ ಬಿಳಿ ಹೊಗೆಯನ್ನು ನೋಡಲು ನಾವು ಶಾಲೆಗೆ ತಡವಾದರೂ ನಿಲ್ಲುತ್ತಿದ್ದೆವು. ನೆಲಕ್ಕೆ ಸಗಣಿಯ ಸಾರಣೆ. ಸಗಣಿ ಕ್ರಿಮಿನಾಶಕವೆಂದು ಹಲವರು ಹೇಳುತ್ತಾರೆ, ನಾನು ತರಗತಿಯಲ್ಲಿ ಎಂದೂ ಹಾಗೆ ಹೇಳಿದವನಲ್ಲ. ಅದರಲ್ಲಿನ ನಾರು ಮಣ್ಣಿನ ನೆಲದ ಧೂಳನ್ನು ಹಿಡಿದು ಕಟ್ಟುತ್ತದೆ, ಅಷ್ಟರ ಮಟ್ಟಿಗೆ ಉಪಕಾರಿ.

ಬೂದಿಯ ಬಗ್ಗೆ ಮಾತ್ರ ಒಂದು ಮಾತು. ತುಂಗಭದ್ರಾ ಅಣೆಕಟ್ಟಿನ ಕೆಲಸ ೧೯೪೫ರಲ್ಲಿ ಆರಂಭವಾಗಿ ೧೯೫೩ರಲ್ಲಿ ಮುನಿರಾಬಾದಿನಿಂದ ಎಡದಂಡೆಯ ಕಾಲುವೆಗೆ ನೀರು ಬಂದ ಮೇಲೆ ಗಂಗಾವತಿ ಭತ್ತದ ಕಣಜವಾಯಿತು. ಅಕ್ಕಿ ಗಿರಣಿಗಳಾದವು, ಹೊಟ್ಟು ಬೆಟ್ಟದಷ್ಟಾಯಿತು, ಪಾತ್ರೆಯ ಬುಟ್ಟಿಗೆ ಹೊಟ್ಟಿನ ಬೂದಿ ಬಂತು. ನೋಡಲು ಬೂದಿಯೇ ಆದರೂ ಇದರ ಗುಣ ಬೇರೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆಯ ಬೂದಿ ಕ್ಷಾರವಾಗಿ ಜಿಡ್ಡನ್ನು ಬಿಡಿಸುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ವಸ್ತು. ಅದು ಉಜ್ಜಿ ಕೆರೆಯುತ್ತದೆ. ಮಸಿ ಹಿಡಿದ ತಳಕ್ಕೆ ಗಂಗಾವತಿಯ ಬೂದಿ ಮೇಲು, ಎಣ್ಣೆ ಬಾಣಲೆಗೆ ಕುಷ್ಟಗಿಯ ಬೂದಿ ಮೇಲು ಎಂದರೆ ತಪ್ಪಾಗದು. ಎರಡೂ ಕೈಯ ಚರ್ಮವನ್ನು ತಿನ್ನುತ್ತಿದ್ದವೆಂಬುದನ್ನೂ ಹೇಳಬೇಕು. ನಮ್ಮ ಅವ್ವನ ಬೆರಳ ತುದಿಗಳು ಚಳಿಗಾಲದಲ್ಲಿ ಸೀಳಿ ರಕ್ತ ಒಸರುತ್ತಿತ್ತು.

ಇನ್ನು ಕಲೆಗಳ ವಿಷಯ. ಎಂಟನೆಯ ತರಗತಿಯವರಿಗೆ ನಾನು ಅರಿಶಿನದ ಕಾಗದದ ಪ್ರಯೋಗ ಮಾಡಿಸುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಹಳದಿ ಕಾಗದಕ್ಕೆ ಸೋಡಾ ನೀರು ತಾಗಿದೊಡನೆ ಕೆಂಪಾಗುವುದು, ಲಿಂಬೆರಸ ಹಾಕಿದರೆ ಮರಳಿ ಹಳದಿಯಾಗುವುದು. ಒಂದು ವರ್ಷ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, “ಸರ್ರ, ನಮ್ಮ ಮನ್ಯಾಗ ಅರಿಷಿಣದ ಕಲಿಗೆ ಸೋಡಾ ಮುಟ್ಟಸಂಗಿಲ್ರಿ. ಬರೇ ನೀರಾಗ ಜಾಲಿಸಿ ಬಿಸಲಿಗೆ ಹರವ್ತೀವ್ರಿ, ತಾನ ಹೊಕ್ಕತಿ” ಎಂದಳು. ಮಡಿವಾಳರ ಮನೆಯ ಮಗು. ಅವಳು ಹೇಳಿದ್ದು ಅಕ್ಷರಶಃ ಸರಿ. ಅರಿಶಿನದ ಬಣ್ಣ ಬೆಳಕಿಗೆ ಬಲು ದುರ್ಬಲ, ಬಿಸಿಲಿಗೆ ಒಡೆದುಹೋಗುತ್ತದೆ. ಪಠ್ಯಪುಸ್ತಕದಲ್ಲಿ ಕೆಂಪಾಗುವುದಷ್ಟೇ ಇತ್ತು, ಬಿಸಿಲು ಇರಲಿಲ್ಲ. ಮರುವರ್ಷದಿಂದ ಆ ಪಾಠಕ್ಕೆ ಬಿಸಿಲನ್ನೂ ಸೇರಿಸಿದೆ. ಹುಡುಗರು ಅವಳನ್ನು ಮನೆಯ ಕಸುಬಿನ ಹೆಸರು ಹಿಡಿದು ಕೂಗುವುದು ಅಂದಿನಿಂದ ತುಸು ಕಡಿಮೆಯಾಯಿತೆಂದು ನನ್ನ ನಂಬಿಕೆ.

ರಕ್ತದ ಕಲೆಗೆ ತಣ್ಣೀರು, ಉಪ್ಪು. ಬಿಸಿನೀರು ಸೋಕಿದರೆ ಮೊಟ್ಟೆ ಬೆಂದು ಗಟ್ಟಿಯಾದಂತೆ ರಕ್ತದ ಪ್ರೋಟೀನು ನೂಲಿಗೆ ಅಂಟಿಬಿಡುತ್ತದೆ. ಎಣ್ಣೆ ಚೆಲ್ಲಿದರೆ ನೀರಿಗೆ ಮೊದಲು ಕಡಲೆಹಿಟ್ಟು ಇಲ್ಲವೆ ಸೀಮೆಸುಣ್ಣದ ಪುಡಿ ಉದುರಿಸಿ ಹೀರಲು ಬಿಡುವುದು. ತುಕ್ಕಿಗೆ ಲಿಂಬೆ, ಉಪ್ಪು, ಬಿಸಿಲು. ಬಾಳೆಯ ಕರೆ ಒಣಗಿತೆಂದರೆ ಮುಗಿಯಿತು. ಆನೆಗೊಂದಿಯ ತೋಟಗಳಲ್ಲಿ ದುಡಿಯುವವರು ಅದಕ್ಕೆಂದೇ ಒಂದು ಹಳೆಯ ಅಂಗಿ ಇಟ್ಟುಕೊಂಡಿರುತ್ತಾರೆ.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಇಳಕಲ್ ಸೀರೆಯದು. ಕುಷ್ಟಗಿಗೆ ನೆರೆಯ ಊರು ಇಳಕಲ್, ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲೂ ಅದರ ಮಗ್ಗಗಳಿವೆ. ಈ ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಹತ್ತಿ ಕ್ಷಾರವನ್ನು ತಡೆದುಕೊಳ್ಳುತ್ತದೆ. ರೇಷ್ಮೆ ಪ್ರೋಟೀನಿನ ಎಳೆಯಾದ್ದರಿಂದ ಕ್ಷಾರಕ್ಕೆ ಸವೆದು ಹೊಳಪು ಕಳೆದುಕೊಳ್ಳುತ್ತದೆ; ಸೆರಗಿನ ಕೆಂಪು ಬೇರೆ ಮೈಗೆ ಇಳಿಯುವ ಭಯ. ಒಂದೇ ಸೀರೆಗೆ ಎರಡು ಶಾಸ್ತ್ರ! ಅದಕ್ಕಾಗಿಯೇ ಮದುವೆಯ ಸೀರೆ ಉಬ್ಬೆಗೆ ಹೋಗುತ್ತಿರಲಿಲ್ಲ. ಅಂಟವಾಳಕಾಯಿಯ ಬೀಜ ತೆಗೆದು, ಸಿಪ್ಪೆ ನೆನೆಸಿ, ಕಿವುಚಿದ ನೊರೆಯಲ್ಲಿ ಅದ್ದಿ, ಸೆರಗನ್ನು ಬೇರೆಯಾಗಿ ಹಿಡಿದು ಜಾಲಿಸಿ, ನೆರಳಿಗೆ ಹಾಕುತ್ತಿದ್ದರು. ಅಂಟವಾಳದ ನೊರೆ ಸಪೋನಿನ್ ಎಂಬ ವಸ್ತುವಿನದು. ಅದು ಕ್ಷಾರವಲ್ಲ, ಗಡಸು ನೀರಿನಲ್ಲೂ ಗಷ್ಟಾಗುವುದಿಲ್ಲ. ತಲೆಗೆ ಹಾಕುವ ಸೀಗೆಯದೂ ಇದೇ ಗುಣ.

ಸಾಬೂನು ನಮ್ಮ ಸೀಮೆಗೆ ತಡವಾಗಿಯೇ ಬಂತು. ಇಂಗ್ಲೆಂಡಿನ ಲಿವರ್ ಸಹೋದರರ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ೧೮೮೮ರಲ್ಲಿ ಕಲ್ಕತ್ತೆಯ ಬಂದರಿನಲ್ಲಿ ಇಳಿದವು. ನಾಲ್ವಡಿ ಕೃಷ್ಣರಾಜ ಒಡೆಯರೂ ವಿಶ್ವೇಶ್ವರಯ್ಯನವರೂ ೧೯೧೬ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತೆರೆದರು. ಅದು ಮೈಸೂರು ಸಂಸ್ಥಾನ. ನಾವು ೧೯೪೮ರ ಸೆಪ್ಟೆಂಬರ್ ೧೭ರವರೆಗೆ ನಿಜಾಮರ ಪ್ರಜೆಗಳು, ಮೈಸೂರಿನೊಡನೆ ಕೂಡಿದ್ದು ೧೯೫೬ರ ನವೆಂಬರಿನಲ್ಲಿ. ಗಂಧದ ಸಾಬೂನು ನಮ್ಮ ಹಳ್ಳಿಗಳಲ್ಲಿ ಮದುಮಗನಿಗೆ ಕೊಡುವ ವಸ್ತುವಾಗಿತ್ತು, ಬಟ್ಟೆಗಂತೂ ಅಲ್ಲ. ಪಟ್ಟಿ ಸಾಬೂನು ಬಂದಾಗಲೂ ಯಲಬುರ್ಗಾದ ಬಾವಿ ನೀರಿನಲ್ಲಿ ಅದು ನೊರೆ ಬರುವ ಮುನ್ನವೇ ಅರ್ಧ ಸವೆಯುತ್ತಿತ್ತು. ಗಡಸು ನೀರಿನ ಊರಿಗೆ ಸಾಬೂನು ಹೊಂದುವ ವಸ್ತುವೇ ಅಲ್ಲ. ಜನ ಹಿಂದುಳಿದವರಾದ್ದರಿಂದ ಸವಳು, ಸೋಡಾಗಳನ್ನು ಬಿಡಲಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅವರ ನೀರು ಅವರಿಗೆ ಹಾಗೆ ಕಲಿಸಿತ್ತು.

ಪುಡಿಯ ಕಥೆ ಬೇರೆ. ೧೯೫೯ರಲ್ಲಿ ಸರ್ಫ್ ಬಂತು, ಅದು ಪೇಟೆಯ ನೌಕರಿಯವರ ಮನೆಗೆ. ಗುಜರಾತ್ ಸರ್ಕಾರದ ಗಣಿ ಇಲಾಖೆಯಲ್ಲಿ ರಸಾಯನತಜ್ಞರಾಗಿದ್ದ ಕರ್ಸನ್‌ಭಾಯಿ ಪಟೇಲರು ೧೯೬೯ರಲ್ಲಿ ತಮ್ಮ ಮನೆಯಲ್ಲಿಯೇ ಹಳದಿ ಪುಡಿ ಕಲಸಿ, ಸೈಕಲ್ ಮೇಲೆ ಹೊತ್ತು, ಕಿಲೋಗೆ ಮೂರು ರೂಪಾಯಿಯಂತೆ ಮಾರತೊಡಗಿದರು. ಮಗಳ ಹೆಸರಿನಿಂದ ನಿರ್ಮಾ ಎಂದಾದ ಆ ಪುಡಿ ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಯ ಅಂಗಡಿಗಳನ್ನು ತುಂಬಿತು. ಅಗ್ಗವೆಂಬುದು ಒಂದು ಕಾರಣ. ಇನ್ನೊಂದು ಕಾರಣ ನೀರು. ಇದರಲ್ಲಿನ ಮಾರ್ಜಕ ಗಡಸು ನೀರಿನಲ್ಲೂ ನೊರೆಯಾಗುತ್ತದೆ. ಜೊತೆಗೆ ದೊಡ್ಡ ಪಾಲು ಸೋಡಾ ಆ್ಯಶ್. ಸೋಡಾ ಆ್ಯಶ್ ಎಂದರೆ ಏನು? ಸೋಡಿಯಂ ಕಾರ್ಬೊನೇಟು. ಮಿಠಾಪುರದಂತಹ ಕಡೆ ೧೯೩೯ರಿಂದೀಚೆಗೆ ತಲೆಯೆತ್ತಿದ ಕಾರ್ಖಾನೆಗಳಲ್ಲಿ ಸಮುದ್ರದ ಉಪ್ಪು, ಸುಣ್ಣಕಲ್ಲುಗಳಿಂದ ತಯಾರಾಗುವ ಅದೇ ಲವಣ. ಹಳ್ಳದ ದಂಡೆಯಲ್ಲಿ ಅಗಸರು ಕೆರೆದು ತರುತ್ತಿದ್ದ ಸವಳೇ ಪ್ಲಾಸ್ಟಿಕ್ ಚೀಲದಲ್ಲಿ ಮರಳಿ ಬಂದಿತ್ತು. ನಮ್ಮ ಹೆಂಗಸರು ಅದನ್ನು ಮೊದಲ ಸಲ ನೀರಿಗೆ ಹಾಕಿ ಬೆರಳಾಡಿಸಿದಾಗ ಆ ಜಾರು ಹೊಸದೆನ್ನಿಸಿರಲಾರದು.

ಪುಡಿಯೊಡನೆ ಉಬ್ಬೆ ತಣ್ಣಗಾಯಿತು. ಸ್ಟೀಲಿನೊಡನೆ ಕಲಾಯಿಯವನು ಹೋದ. ಬಾಣಂತಿಯ ಬಟ್ಟೆಯನ್ನು ಮನೆಯವರೇ ಒಗೆಯುವಂತಾದದ್ದು ಒಳ್ಳೆಯದೇ, ಬಹಳ ಒಳ್ಳೆಯದು. ಆದರೆ ಆಯ ನಿಂತ ಮನೆಗಳಿಗೆ ಬದಲಿಯಾಗಿ ಯಾರೂ ಏನನ್ನೂ ಕೊಡಲಿಲ್ಲ. ಕೆಲವರು ಇಸ್ತ್ರಿಯ ಗಾಡಿ ಹೂಡಿದರು, ಹಲವರು ಗುಳೆ ಹೋದರು.

ಸವಳು ಏನಾಯಿತು ಎಂದು ಕೇಳುವವರಿಗೆ ಉತ್ತರ ಗಂಗಾವತಿಯಲ್ಲಿದೆ. ಕಾಲುವೆಯ ನೀರು ಹೊಲಗಳಲ್ಲಿ ಮಿತಿಮೀರಿ ನಿಂತು, ನೆಲದೊಳಗಿನ ನೀರಿನ ಮಟ್ಟ ಮೇಲೇರಿ, ಸವಳು ಜವಳಿನಿಂದ ತುಂಗಭದ್ರಾ ಅಚ್ಚುಕಟ್ಟಿನ ಎಷ್ಟೋ ಗದ್ದೆಗಳು ಹಾಳಾಗಿವೆ. ಅದನ್ನು ಹೇಗೆ ಸರಿಪಡಿಸುವುದೆಂಬುದರ ಸಂಶೋಧನೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ: ಬಸಿಗಾಲುವೆ ತೋಡುವುದು, ಸೋಡದ ಮಣ್ಣಿಗೆ ಜಿಪ್ಸಮ್ ಹಾಕುವುದು. ಹಿಂದೆ ಅಗಸರು ಬುಟ್ಟಿ ಹಿಡಿದು ಹುಡುಕಿಕೊಂಡು ಹೋಗುತ್ತಿದ್ದ ಬಿಳುಪು ಈಗ ಎಕರೆಗಟ್ಟಲೆ ತಾನಾಗಿ ಎದ್ದಿದೆ, ಕೆರೆದೊಯ್ಯುವವರಿಲ್ಲ.

ಇತ್ತೀಚೆಗೆ ಮೊಮ್ಮಕ್ಕಳು ಮೊಬೈಲಿನಲ್ಲಿ ‘ಮನೆಮದ್ದಿ’ನ ವಿಡಿಯೋಗಳನ್ನು ತೋರಿಸುತ್ತಾರೆ. ಅಡುಗೆಸೋಡಾಕ್ಕೆ ಲಿಂಬೆ ಹಿಂಡಿ, ಬುರುಬುರು ನೊರೆ ಬಂದದ್ದನ್ನು ಕಂಡು ಕೊಳೆ ಹೋಯಿತೆಂದು ಹಿಗ್ಗುವುದು ಅವುಗಳ ಪದ್ಧತಿ. ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದು, ಉಳಿಯುವುದು ಬರಿಯ ಉಪ್ಪು ನೀರು. ಜಿಡ್ಡಿಗೆ ಸೋಡಾ ಬೇಕು, ತುಕ್ಕಿಗೆ ಲಿಂಬೆ ಬೇಕು. ಎರಡನ್ನೂ ಕೂಡಿಸಿದರೆ ಯಾವುದಕ್ಕೂ ಇಲ್ಲ. ಇದು ಬರಿಯ ವ್ಯರ್ಥ. ಬ್ಲೀಚಿಂಗ್ ಪೌಡರಿಗೆ ಪಾಯಿಖಾನೆಯ ಆಸಿಡ್ ಸೇರಿಸುವುದಂತೂ ಅಪಾಯ. ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ದಯವಿಟ್ಟು ಮನೆಯಲ್ಲಿ ಎಲ್ಲರಿಗೂ ಇದನ್ನು ಹೇಳಿ.

ಉಬ್ಬೆಗೆ ಎಷ್ಟು ಬಟ್ಟೆಗೆ ಎಷ್ಟು ಸವಳು, ಎಷ್ಟು ಹೊತ್ತಿನ ಹಬೆ ಎಂಬ ಲೆಕ್ಕವನ್ನು ನಾನು ಎಲ್ಲಿಯೂ ಬರೆದದ್ದು ಕಂಡಿಲ್ಲ. ಅದು ಕೆಲವು ಮನೆಗಳ ಹಿರಿಯರ ತಲೆಯಲ್ಲಿದೆ. ಅಂಥವರ ಮಕ್ಕಳು, ಮೊಮ್ಮಕ್ಕಳು ನನ್ನ ವಿದ್ಯಾರ್ಥಿಗಳಲ್ಲಿದ್ದಾರೆ. ಅರಿಶಿನದ ಕಲೆಗೆ ಬಿಸಿಲು ಹೇಳಿದ ಆ ಹುಡುಗಿ ಈಗ ಎಲ್ಲಿದ್ದಾಳೋ, ಅವಳಿಗೂ ಮಕ್ಕಳು ದೊಡ್ಡವರಾಗಿರಬೇಕು. ಯಾರ ಮನೆಯಲ್ಲಾದರೂ ಅಜ್ಜಿಯೊಬ್ಬರು ಬಾನಿ ಒಟ್ಟಿದವರು ಇನ್ನೂ ಇದ್ದರೆ, ಸಂಕೋಚಪಡದೆ ಕೇಳಿ ಬರೆದು ಕಳಿಸಿರಿ. ಸವಳನ್ನು ಯಾವ ಹಳ್ಳದಿಂದ ತರುತ್ತಿದ್ದರು ಎಂಬುದನ್ನೂ ಮರೆಯದೆ ಕೇಳಿರಿ.